ಒಂದೇ ಲೆಕ್ಕ, ನಾಲ್ಕು ಶನಿವಾರ

9 ಅನ್ನು 4+5 ಅಂತ ಬರೆಯಬಹುದು. 2+3+4 ಅಂತಲೂ ಬರೆಯಬಹುದು. 15ಕ್ಕೆ ಮೂರು ದಾರಿಗಳಿವೆ: 7+8, 4+5+6, 1+2+3+4+5. ಹೀಗೆ ಒಂದರ ಬೆನ್ನಿಗೆ ಒಂದು ಬರುವ ಎರಡೋ ಮೂರೋ ಅದಕ್ಕಿಂತ ಜಾಸ್ತಿಯೋ ಸ್ವಾಭಾವಿಕ ಸಂಖ್ಯೆಗಳನ್ನು ಕೂಡಿಸಿ ಯಾವ ಸಂಖ್ಯೆಗಳನ್ನು ಪಡೆಯಲು ಆಗುವುದೇ ಇಲ್ಲ? ಯಾಕೆ ಆಗುವುದಿಲ್ಲ?

ಬೋರ್ಡಿನ ಮೇಲೆ ನಾನು ಬರೆದದ್ದು ಇಷ್ಟೇ. ಇದನ್ನು ಬಿಡಿಸಲು ಹತ್ತನೇ ತರಗತಿಯ ನಾಲ್ಕು ಮಕ್ಕಳಿಗೆ ನಾಲ್ಕು ಶನಿವಾರ ಬೇಕಾಯಿತು. ಮೊದಲ ಶನಿವಾರವೇ ಮುಗಿಯಿತು ಅಂತ ಅವರೂ ಅಂದುಕೊಂಡಿದ್ದರು, ನಾನೂ ಅಂದುಕೊಂಡಿದ್ದೆ. ಅಲ್ಲಿಂದ ಮುಂದೆ ಆದದ್ದನ್ನು ಬರೆದಿಡಬೇಕು ಅನ್ನಿಸಿತು. ಮಕ್ಕಳನ್ನು ಗುಂಪಾಗಿ ಕೂರಿಸಿ ಲೆಕ್ಕ ಮಾಡಿಸುವ ಬೇರೆ ಮೇಷ್ಟ್ರುಗಳಿಗೆ ಇದರಲ್ಲಿ ಏನಾದರೂ ಸಿಗಬಹುದು.

ನಮ್ಮದು ಮಂಡ್ಯ ಜಿಲ್ಲೆಯ ಒಂದು ಹಳ್ಳಿ ಶಾಲೆ. ವಿಶ್ವೇಶ್ವರಯ್ಯ ನಾಲೆ ಊರ ಪಕ್ಕದಲ್ಲೇ ಹರಿಯುತ್ತದೆ. ಸುತ್ತ ಕಬ್ಬು, ಭತ್ತ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಈ ನಾಲ್ವರು ಒಂದು ಗಂಟೆ ಉಳಿಯುತ್ತಿದ್ದರು. ಮಕ್ಕಳ ಹೆಸರು ಬೇಡ. ಒಬ್ಬ ವಾರಕ್ಕೆ ಮೂರು ದಿನ ಮಂಡ್ಯಕ್ಕೆ ಟ್ಯೂಷನ್ನಿಗೆ ಹೋಗುವವನು. ಅವನನ್ನು ಟ್ಯೂಷನ್ ಹುಡುಗ ಅನ್ನುತ್ತೇನೆ. ಒಬ್ಬಳ ಅಪ್ಪ ಆಲೆಮನೆ ನಡೆಸುತ್ತಾರೆ. ಇನ್ನೊಬ್ಬಳು ಹಾಸ್ಟೆಲ್ಲಿನಲ್ಲಿದ್ದು ಓದುತ್ತಾಳೆ. ನಾಲ್ಕನೆಯವನು ನಾಲೆ ಆಚೆಯಿಂದ ಸೈಕಲ್ಲಿನಲ್ಲಿ ಬರುತ್ತಾನೆ, ಮಾತು ಕಡಿಮೆ. ಸಮಾಂತರ ಶ್ರೇಢಿಯ ಪಾಠ ಆಗ ತಾನೇ ಮುಗಿದಿತ್ತು. ಮೊತ್ತದ ಸೂತ್ರ ನಾಲ್ವರ ಬಾಯಲ್ಲೂ ಇತ್ತು.

ಮೊದಲ ದಿನ ಕೆಲಸ ಹಂಚಿಕೊಂಡರು. 1ರಿಂದ 40ರವರೆಗೆ, ತಲಾ ಹತ್ತು ಸಂಖ್ಯೆ. ಅರ್ಧ ಗಂಟೆಯಲ್ಲಿ ಬೋರ್ಡಿನ ಮೂಲೆಯಲ್ಲಿ ಒಂದು ಪಟ್ಟಿ ಆಯಿತು: 1, 2, 4, 8, 16, 26, 32. ಯಾವ ದಾರಿಯಲ್ಲೂ ಬಾರದ ಸಂಖ್ಯೆಗಳಿವು. 1ರ ಬಗ್ಗೆ ಸಣ್ಣ ಜಗಳ ಆಯಿತು. 0+1 ಮಾಡಿದರೆ ಬರುತ್ತದಲ್ಲ ಅಂತ ಒಬ್ಬರು, ಸೊನ್ನೆ ಸೇರಿಸಿದರೆ ಅದು ಪೂರ್ಣ ಸಂಖ್ಯೆ ಆಯಿತು, ಸ್ವಾಭಾವಿಕ ಸಂಖ್ಯೆ ಅಲ್ಲ ಅಂತ ಇನ್ನೊಬ್ಬರು. ಪಠ್ಯಪುಸ್ತಕ ತೆಗೆದು ನೋಡಿ ಜಗಳ ಮುಗಿಸಿದರು.

ನಾಲೆ ಆಚೆ ಹುಡುಗ ಪಟ್ಟಿಯನ್ನೇ ನೋಡುತ್ತಾ ನಿಂತಿದ್ದ. "ಇವು ಡಬಲ್ ಡಬಲ್ ಆಯ್ತಾ ಹೋಯ್ತವೆ ಸಾ. 26 ಒಂದು ಮಧ್ಯೆ ಸೇರ್ಕೊಂಡದೆ" ಅಂದ.

ಎಲ್ಲರೂ 26ರ ಮೇಲೆ ಬಿದ್ದರು. ಅದು ಹಾಸ್ಟೆಲ್ ಹುಡುಗಿಯ ಪಾಲಿನ ಸಂಖ್ಯೆ. ಎರಡು ಸಂಖ್ಯೆ ಕೂಡಿಸಿ ನೋಡಿದ್ದಳು, ಮೂರು ನೋಡಿದ್ದಳು, ಐದು ನೋಡಿದ್ದಳು. ನಾಲ್ಕನ್ನು ಬಿಟ್ಟುಬಿಟ್ಟಿದ್ದಳು. ಆಲೆಮನೆ ಹುಡುಗಿ ಬೆರಳೆಣಿಸಿ "5, 6, 7, 8" ಅಂದಳು. ಸರಿಯಾಗಿ 26. ಹಾಸ್ಟೆಲ್ ಹುಡುಗಿ ತನ್ನ ಪುಸ್ತಕದಲ್ಲಿ ಅದನ್ನು ಎಷ್ಟು ಒತ್ತಿ ಅಳಿಸಿದಳು ಅಂದರೆ ಹಾಳೆ ಹರಿದುಹೋಯಿತು. ನಾನು ನೋಡಿದೆ. ಆಗ ಅದಕ್ಕೆ ಅಷ್ಟು ಬೆಲೆ ಕೊಡಲಿಲ್ಲ.

26 ಹೋದ ಮೇಲೆ ಉಳಿದದ್ದು 1, 2, 4, 8, 16, 32. ಎರಡರ ಘಾತಗಳು. ಯಾಕೆ ಅನ್ನುವುದಕ್ಕೆ ಟ್ಯೂಷನ್ ಹುಡುಗ ಹದಿನೈದೇ ನಿಮಿಷದಲ್ಲಿ ಉತ್ತರ ಬರೆದ. ಮೊದಲ ಸಂಖ್ಯೆ ಎ, ಒಟ್ಟು ಕೆ ಸಂಖ್ಯೆಗಳು ಅಂತಿಟ್ಟುಕೊಂಡರೆ, ಮೊತ್ತದ ಎರಡರಷ್ಟು = ಕೆ × (2ಎ + ಕೆ − 1). ಕೆ ಸಮ ಆದರೆ ಪಕ್ಕದ ಆವರಣ ಬೆಸ. ಕೆ ಬೆಸ ಆದರೆ ಆವರಣ ಸಮ. ಅಂದರೆ ಎರಡರಲ್ಲಿ ಒಂದು ಯಾವಾಗಲೂ ಬೆಸ, ಅದೂ 1ಕ್ಕಿಂತ ದೊಡ್ಡ ಬೆಸ. ಎರಡರ ಘಾತವನ್ನು ಎಷ್ಟು ಸಲ ಒಡೆದರೂ ಎರಡೇ ಸಿಗುತ್ತದೆ, 1 ಬಿಟ್ಟು ಬೇರೆ ಬೆಸ ಅಪವರ್ತನ ಅದರಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಎರಡರ ಘಾತ ಬರುವುದಿಲ್ಲ. ಮುಗೀತು.

ಚೆನ್ನಾಗಿತ್ತು. ನಿಜವಾಗಿಯೂ ಚೆನ್ನಾಗಿತ್ತು. ಮೂವರೂ ಬರೆದುಕೊಂಡರು. ನಾನು ನಾಲ್ಕೂ ಪುಸ್ತಕಕ್ಕೆ ಕೆಂಪು ಪೆನ್ನಿನಲ್ಲಿ ಸರಿ ಹಾಕಿದೆ.

ಮುಂದಿನ ವಾರ ಹೊಸ ಲೆಕ್ಕ ಶುರುಮಾಡುವ ಮುಂಚೆ ಹಿಂದಿನದನ್ನು ಒಮ್ಮೆ ನೋಡೋಣ ಅಂತ ನಾಲ್ಕೂ ಪುಸ್ತಕ ಪಕ್ಕಪಕ್ಕ ಇಟ್ಟೆ. ಮೂರನೇ ಸಾಲಿನಲ್ಲಿ ಟ್ಯೂಷನ್ ಹುಡುಗ ಅವಸರದಲ್ಲಿ ಕೆ ಬದಲು ಎನ್ ಅಂತ ಬರೆದಿದ್ದ. ನಾಲ್ಕು ಪುಸ್ತಕದಲ್ಲೂ ಅದೇ ಸಾಲಿನಲ್ಲಿ ಅದೇ ಎನ್ ಇತ್ತು. ನಾಲ್ಕಕ್ಕೂ ನನ್ನ ಕೆಂಪು ಸರಿ ಬಿದ್ದಿತ್ತು. ಅವರು ಓದದೇ ಬರೆದಿದ್ದರು, ನಾನು ಓದದೇ ಸರಿ ಹಾಕಿದ್ದೆ.

ಹಾಸ್ಟೆಲ್ ಹುಡುಗಿಯನ್ನು ಬೋರ್ಡಿಗೆ ಕರೆದೆ. ಒಂದು ಅಕ್ಷರ ತಪ್ಪದೇ, ಆ ಎನ್ ಕೂಡ ಬಿಡದೇ, ಪೂರ್ತಿ ಬರೆದಳು. "ಎರಡರಲ್ಲಿ ಒಂದು ಬೆಸ ಯಾಕಮ್ಮ?" ಅಂತ ಕೇಳಿದೆ. ತಲೆ ತಗ್ಗಿಸಿದಳು. ಒಂದು ಗಂಟೆ ಜೊತೆಯಲ್ಲಿ ಕೂತು ಮಾಡಿದ ಲೆಕ್ಕ ಅಂತ ನಾನು ಹೆಮ್ಮೆಪಟ್ಟದ್ದು ಒಬ್ಬ ಮಾಡಿದ ಲೆಕ್ಕ, ಮೂವರು ನಕಲು ಮಾಡಿದ ಲೆಕ್ಕ ಆಗಿತ್ತು.

ಅವತ್ತು ಹೊಸ ಲೆಕ್ಕ ಕೈಬಿಟ್ಟೆ. ಒಂದು ಕಟ್ಟುಪಾಡು ಮಾಡಿದೆ. ಯಾರಿಗೆ ದಾರಿ ಗೊತ್ತೋ ಅವರ ಕೈಗೆ ಚಾಕ್‌ಪೀಸ್ ಇಲ್ಲ. ಗೊತ್ತಿಲ್ಲದವರು ಬರೆಯಬೇಕು. ಬರೆಯುವವರು ತಮ್ಮ ಮನಸ್ಸಿಗೆ ಒಪ್ಪದ ಒಂದು ಸಾಲನ್ನೂ ಬರೆಯಬಾರದು, ಎಷ್ಟು ಹೊತ್ತಾದರೂ ಸರಿ. ಗುಂಪಿನ ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ನಿಯಮ ನನಗೆ ಇವತ್ತಿಗೂ ಸಿಕ್ಕಿಲ್ಲ. ಚಾಕ್‌ಪೀಸನ್ನು ನಾಲೆ ಆಚೆ ಹುಡುಗನಿಗೆ ಕೊಟ್ಟೆ.

ಟ್ಯೂಷನ್ ಹುಡುಗ ಮೊದಲ ಸಾಲು ಹೇಳಿದ. ಇವನು ಬರೆಯಲಿಲ್ಲ. ಸುಮ್ನೆ ನಿಂತ. ಎಷ್ಟೋ ಹೊತ್ತಿನ ಮೇಲೆ "ಎರಡರಿಂದ ಗುಣಿಸಿದ್ದು ಯಾಕೆ?" ಅಂದ.

"ಸೂತ್ರದಲ್ಲಿ ಕೆಳಗೆ ಎರಡು ಅದೆ ಕಣ್ಲಾ. ಅದನ್ನ ಈ ಕಡೆ ತಂದೆ."

"ಸೂತ್ರದಲ್ಲಿ ಯಾಕದೆ?"

ಟ್ಯೂಷನ್ ಹುಡುಗ ನನ್ನ ಮುಖ ನೋಡಿದ. ನಾನು ಬಾಯಿ ಬಿಡಲಿಲ್ಲ. ಹೇಳಿಬಿಡಬೇಕು ಅಂತ ನಾಲಿಗೆ ತುದಿಗೆ ಬಂದಿತ್ತು. ಮೇಷ್ಟ್ರಾದವರಿಗೆ ಆ ಎರಡು ನಿಮಿಷ ಬಹಳ ಕಷ್ಟ.

ಎದ್ದವಳು ಆಲೆಮನೆ ಹುಡುಗಿ. ಅವರ ಮನೆಯಲ್ಲಿ ಅಚ್ಚು ಬೆಲ್ಲ ಜೋಡಿಸುವ ಹಾಗೆ ಅಂತ ಹೇಳುತ್ತಾ, ಸಣ್ಣ ತರಗತಿಯವರು ಎಣಿಸಲು ಇಟ್ಟುಕೊಂಡಿದ್ದ ಹುಣಸೆ ಬೀಜದ ಡಬ್ಬಿ ತಂದಳು. ನೆಲದ ಮೇಲೆ ಸಾಲು ಹಾಕಿದಳು: ನಾಲ್ಕು ಬೀಜ, ಅದರ ಕೆಳಗೆ ಐದು, ಆರು, ಏಳು. ಒಟ್ಟು 22. ಆಮೇಲೆ ಇನ್ನೊಂದು ಡಬ್ಬಿಯಿಂದ ಅವರೆಕಾಳು ತೆಗೆದು ಅದೇ ಗುಡ್ಡೆಯನ್ನು ತಲೆಕೆಳಗಾಗಿ ಪಕ್ಕದಲ್ಲಿ ಕೂರಿಸಿದಳು. ನಾಲ್ಕು ಹುಣಸೆ ಬೀಜದ ಪಕ್ಕ ಏಳು ಅವರೆಕಾಳು. ಐದರ ಪಕ್ಕ ಆರು. ಆರರ ಪಕ್ಕ ಐದು. ಏಳರ ಪಕ್ಕ ನಾಲ್ಕು. ಎಲ್ಲಾ ಸಾಲಿನಲ್ಲೂ ಹನ್ನೊಂದು. ನಾಲ್ಕು ಸಾಲು, ತಲಾ ಹನ್ನೊಂದು, 44. ಅದರಲ್ಲಿ ಅರ್ಧ ನಮ್ಮದು.

"ಎರಡು ಗುಡ್ಡೆ ಮಾಡಿದ್ರೆ ಸಮ ಆಯ್ತದೆ. ಅದಕ್ಕೆ ಎರಡು" ಅಂದಳು.

ನಾಲೆ ಆಚೆ ಹುಡುಗ ಬಗ್ಗಿ ಒಂದೊಂದು ಸಾಲನ್ನೂ ಎಣಿಸಿದ. ಆಮೇಲೆ ಬೋರ್ಡಿಗೆ ಹೋಗಿ ಮೊದಲ ಸಾಲು ಬರೆದ. ಸೂತ್ರದ ಅಕ್ಷರಗಳಲ್ಲಿ ಬರೆಯಲಿಲ್ಲ. "ಮೊತ್ತದ ಎರಡರಷ್ಟು = ಎಷ್ಟು ಸಾಲು × (ಮೊದಲನೆಯದು + ಕೊನೆಯದು)" ಅಂತ ಬರೆದ. ಅದು ಆರ್ಯಭಟ 499ರಲ್ಲಿ ಹೇಳಿದ ಮಾತಿಗೆ ಬಹಳ ಹತ್ತಿರ. ಮೊದಲ ಪದ, ಕೊನೆಯ ಪದ ಕೂಡಿಸಿ, ಪದಗಳ ಅರ್ಧದಷ್ಟರಿಂದ ಗುಣಿಸು ಅಂತ ಆರ್ಯಭಟೀಯದಲ್ಲಿದೆ. ಆ ಹುಡುಗನಿಗೆ ಇದನ್ನು ಹೇಳಿದಾಗ ಅವನು ನಗಲೂ ಇಲ್ಲ, ಉಬ್ಬಲೂ ಇಲ್ಲ. "ಹೌದಾ ಸಾ" ಅಂದು ಮುಂದಿನ ಸಾಲಿಗೆ ಹೋದ.

ಬೆಸದ ಮಾತು ಈಗ ಸುಲಭ ಆಯಿತು. ಸಾಲುಗಳು ಸಮ ಸಂಖ್ಯೆಯಲ್ಲಿದ್ದರೆ ಮೊದಲನೆಯದು, ಕೊನೆಯದು ಎರಡರಲ್ಲಿ ಒಂದು ಸಮ, ಒಂದು ಬೆಸ. ಕೂಡಿಸಿದರೆ ಬೆಸ, ನೆಲದ ಮೇಲಿದ್ದ ಹನ್ನೊಂದರ ಹಾಗೆ. ಸಾಲುಗಳೇ ಬೆಸ ಆಗಿದ್ದರೆ ಅಲ್ಲೇ ಬೆಸ ಸಿಕ್ಕಿತು. ಹಾಸ್ಟೆಲ್ ಹುಡುಗಿಯೂ ಬಗ್ಗಿ ನೋಡುತ್ತಿದ್ದಳು, ಆದರೆ ಏನೂ ಹೇಳಲಿಲ್ಲ. ಕೊನೆಯ ಸಾಲಿಗೆ ಬಂದು ಚಾಕ್‌ಪೀಸ್ ಮತ್ತೆ ನಿಂತಿತು. ಕೊನೆಯ ಸಾಲು ಟ್ಯೂಷನ್ ಹುಡುಗ ಹೇಳಿದ್ದು ಹೀಗೆ: "ಆದ್ದರಿಂದ ಎರಡರ ಘಾತಗಳು ಬರುವುದಿಲ್ಲ, ಮಿಕ್ಕವೆಲ್ಲ ಬರುತ್ತವೆ."

"ಮಿಕ್ಕವೆಲ್ಲ ಬತ್ತವೆ ಅಂತ ಇದ್ರಲ್ಲಿ ಎಲ್ಲದೆ?" ಅಂದ ಬರೆಯುವವನು.

ಎಲ್ಲೂ ಇರಲಿಲ್ಲ. ಹಿಂದಿನ ವಾರ ನಾನು ಸರಿ ಹಾಕಿದ ಪುಟದಲ್ಲಿ ಅರ್ಧ ಲೆಕ್ಕ ಮಾತ್ರ ಇತ್ತು. ಎರಡರ ಘಾತ ಬರುವುದಿಲ್ಲ ಅನ್ನುವುದಕ್ಕೆ ಸಾಧನೆ ಇತ್ತು. ಬೇರೆ ಪ್ರತಿಯೊಂದು ಸಂಖ್ಯೆಯೂ ಬರುತ್ತದೆ ಅನ್ನುವುದಕ್ಕೆ 40ರವರೆಗೆ ನೋಡಿದ್ದು ಬಿಟ್ಟರೆ ಏನೂ ಇರಲಿಲ್ಲ. ಇಪ್ಪತ್ತು ವರ್ಷದಿಂದ ಗಣಿತ ಹೇಳಿಕೊಡುವ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ. ತನಗೆ ಒಪ್ಪದ ಸಾಲನ್ನು ಬರೆಯಬೇಕಾಗಿಲ್ಲ ಅಂತ ಅನುಮತಿ ಸಿಕ್ಕ ಹುಡುಗನ ಕಣ್ಣಿಗೆ ಬಿತ್ತು.

"40 ತನಕ ನೋಡಿದೀವಲ್ಲ ಸಾ" ಅಂತ ಟ್ಯೂಷನ್ ಹುಡುಗ ವಾದಿಸಿದ. ಅವನಿಗೆ ಒಂದು ಹಳೆಯ ಸಂಖ್ಯಾ ಆಟ ಕೊಟ್ಟೆ. ಒಂದು ಸಂಖ್ಯೆ ತಗೋ. ಅದರ ವರ್ಗಕ್ಕೆ ಅದನ್ನೇ ಕೂಡಿಸು, ಮತ್ತೆ 41 ಕೂಡಿಸು. 0 ಹಾಕಿದರೆ 41, 1 ಹಾಕಿದರೆ 43, 2ಕ್ಕೆ 47, 3ಕ್ಕೆ 53. ಎಲ್ಲಾ ಅವಿಭಾಜ್ಯ ಸಂಖ್ಯೆಗಳು. 18ನೇ ಶತಮಾನದಲ್ಲಿ ಆಯ್ಲರ್ ಅನ್ನುವ ಗಣಿತಜ್ಞ ಗಮನಿಸಿದ ಸರಣಿ ಇದು. 0ಯಿಂದ 39ರವರೆಗೆ ಪೂರ್ತಿ ನಲವತ್ತು ಸಲ ಅವಿಭಾಜ್ಯವೇ ಬರುತ್ತದೆ. "40 ಹಾಕಿ ನೋಡು" ಅಂದೆ. 1600, 40, 41 ಕೂಡಿಸಿದರೆ 1681. ಅದು 41×41. ಟ್ಯೂಷನ್ ಹುಡುಗ ಅದನ್ನು ಮೂರು ಸಲ ಗುಣಿಸಿ ನೋಡಿದ. ಆಮೇಲೆ ವಾದಿಸಲಿಲ್ಲ.

ಆ ವಾರ ಅವನ ಅಪ್ಪ ಟೀ ಅಂಗಡಿ ಹತ್ತಿರ ಸಿಕ್ಕಿದರು. "ಇದು ಪರೀಕ್ಷೆಗೆ ಬತ್ತದಾ ಮೇಷ್ಟ್ರೇ? ಲೆಕ್ಕ ಅನ್ನೋದು ಒಬ್ಬೊಬ್ಬನೇ ಕೂತ್ಕೊಂಡು ಮಾಡೋದಲ್ವಾ?" ಅಂದರು. ಕೇಳಿದ್ದರಲ್ಲಿ ತಪ್ಪಿಲ್ಲ. ಎಸ್ಸೆಸ್ಸೆಲ್ಸಿಯ 80 ಅಂಕದ ಪೇಪರನ್ನು ಮಗ ಒಬ್ಬನೇ ಕೂತು ಬರೆಯಬೇಕು. ಬರುವುದಿಲ್ಲ ಅಂತಲೇ ಹೇಳಿದೆ. ಹಂಗೆರಿಯ ಪಾಲ್ ಎರ್ಡಿಶ್ ಅನ್ನುವ ಗಣಿತಜ್ಞರು ಬದುಕಿದಷ್ಟು ಕಾಲ ಊರೂರು ಸುತ್ತಿ, 500ಕ್ಕೂ ಜಾಸ್ತಿ ಜನರ ಜೊತೆ ಸೇರಿ ಲೆಕ್ಕ ಬಿಡಿಸಿ ಬರೆದರು ಅಂತಲೂ ಹೇಳಿದೆ. ಅವರಿಗೆ ಪೂರ್ತಿ ಒಪ್ಪಿಗೆ ಆದ ಹಾಗೆ ಕಾಣಲಿಲ್ಲ. ಆದರೂ ಮಗನನ್ನು ಕಳಿಸುವುದು ನಿಲ್ಲಿಸಲಿಲ್ಲ, ಅದಕ್ಕೆ ನಾನು ಋಣಿ.

ಮೂರನೇ ಶನಿವಾರ ಚಾಕ್‌ಪೀಸ್ ಆಲೆಮನೆ ಹುಡುಗಿಯ ಕೈಯಲ್ಲಿತ್ತು. ಎರಡರ ಘಾತ ಅಲ್ಲದ ಯಾವ ಸಂಖ್ಯೆಯಲ್ಲೂ 1ಕ್ಕಿಂತ ದೊಡ್ಡ ಬೆಸ ಅಪವರ್ತನ ಒಂದಾದರೂ ಇರುತ್ತದೆ. ಅದನ್ನು ಹಿಡಿದೇ ಹೋಗಬೇಕು ಅನ್ನುವುದು ಬೇಗ ಹೊಳೆಯಿತು. 15 ಅಂದರೆ 3×5. 5 ಅನ್ನು ನಡುವೆ ಕೂರಿಸು, ಅದರ ಸುತ್ತ ಮೂರು ಸಂಖ್ಯೆ: 4, 5, 6. ಒಂದು ಕಡೆ ಒಂದು ಕಡಿಮೆ, ಇನ್ನೊಂದು ಕಡೆ ಒಂದು ಜಾಸ್ತಿ. ಸರಿಹೋಗುತ್ತದೆ. 20 ಅಂದರೆ 5×4. ನಡುವೆ 4, ಸುತ್ತ ಐದು: 2, 3, 4, 5, 6. ಸಲೀಸಾಗಿ ಬಂತು.

14ಕ್ಕೆ ಬಂದಾಗ ಕಟ್ಟಿತು. 14 ಅಂದರೆ 7×2. ನಡುವೆ 2, ಸುತ್ತ ಏಳು ಸಂಖ್ಯೆ ಬೇಕು. ಬರೆದಳು: −1, 0, 1, 2, 3, 4, 5.

"ನೆಗೆಟಿವ್ ಬಂತು, ಆಗಲ್ಲ. ಬೇರೆ ದಾರಿ ನೋಡಣ" ಅಂದ ಟ್ಯೂಷನ್ ಹುಡುಗ. ಹಾಸ್ಟೆಲ್ ಹುಡುಗಿ ಆಗಲೇ ಅಳಿಸುವ ರಬ್ಬರ್ ತೆಗೆದಿದ್ದಳು.

ಆಲೆಮನೆ ಹುಡುಗಿ ಬೋರ್ಡ್ ಅಳಿಸಲಿಲ್ಲ. −1ರ ಮೇಲೆ ಬೆರಳಿಟ್ಟುಕೊಂಡು, "ಋಣ ಅಂದ್ರೆ ಸಾಲ ಅಲ್ವಾ ಸಾ? ಒಂದು ರೂಪಾಯಿ ಸಾಲ ಅದೆ. ಪಕ್ಕದಲ್ಲೇ ಒಂದು ರೂಪಾಯಿ ಕೈಲೂ ಅದೆ. ಕೊಟ್ಬಿಟ್ರೆ ತೀರೋಯ್ತು" ಅಂದಳು. −1ಕ್ಕೂ 1ಕ್ಕೂ ಗೆರೆ ಎಳೆದಳು. ಸೊನ್ನೆಗೂ ಎಳೆದಳು. ಉಳಿದದ್ದು 2, 3, 4, 5. ಕೂಡಿಸಿದರೆ 14.

ಹೇಳಬೇಕೆಂದರೆ ನನಗೆ ಮೈ ಜುಮ್ಮೆಂದಿತು. ನಾವು ದಿನಾ ಋಣ ಸಂಖ್ಯೆ, ಧನ ಸಂಖ್ಯೆ ಅನ್ನುತ್ತೇವೆ, ಆ ಪದಗಳ ಅರ್ಥ ಕೇಳಿಸುವುದೇ ಇಲ್ಲ. ಬ್ರಹ್ಮಗುಪ್ತ 628ರಲ್ಲಿ ಋಣ, ಧನ, ಸೊನ್ನೆ ಇವುಗಳನ್ನು ಕೂಡುವ ಕಳೆಯುವ ನಿಯಮ ಬರೆದಾಗ ಇವೇ ಪದಗಳನ್ನು ಇಟ್ಟ. ಧನ, ಋಣ ಸರಿಸಮ ಇದ್ದರೆ ಸೊನ್ನೆ ಅಂತ ಅವನ ನಿಯಮ. ಟ್ಯೂಷನ್ ಹುಡುಗನಿಗೆ ಕೇಳಿಸಿದ್ದು 'ನೆಗೆಟಿವ್', ಅದು ತಪ್ಪಿನ ಗುರುತಿನ ಹಾಗೆ ಕೇಳುತ್ತದೆ. ಇವಳಿಗೆ ಕೇಳಿಸಿದ್ದು ಸಾಲ. ಕಬ್ಬು ಅರೆಯುವ ಕಾಲದಲ್ಲಿ ಆಳುಗಳಿಗೆ ಕೊಟ್ಟ ಮುಂಗಡ, ಕಬ್ಬಿನವರಿಗೆ ಕೊಡಬೇಕಾದ ಬಾಕಿ, ಎಲ್ಲಾ ಒಂದೇ ಪುಸ್ತಕದಲ್ಲಿ ಅಪ್ಪ ಬರೆಯುವುದನ್ನು ಅವಳು ನೋಡಿಕೊಂಡು ಬೆಳೆದಿದ್ದಾಳೆ. 12ನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ಗಣಿತ ಬರೆದು ಅದಕ್ಕೆ 'ವ್ಯವಹಾರಗಣಿತ' ಅಂತ ಹೆಸರಿಟ್ಟ. ಆ ಹೆಸರಿನ ತೂಕ ನನಗೆ ತಿಳಿದದ್ದು ಅವತ್ತು.

ಎಲ್ಲರೂ ಕೂಗಾಡುತ್ತಿದ್ದಾಗ ನಾಲೆ ಆಚೆ ಹುಡುಗ ಮತ್ತೆ ಅಡ್ಡ ಬಂದ. "ಸಾಲ ತೀರ್ಸಿ ತೀರ್ಸಿ ಕೊನೆಗೆ ಒಂದೇ ಸಂಖ್ಯೆ ಉಳಿದ್ರೆ?" ಎರಡಾದರೂ ಇರಬೇಕು ಅನ್ನುವುದು ಲೆಕ್ಕದ ಮಾತು. −2, −1, 0, 1, 2, 3 ತಗೊಂಡರೆ 3 ಒಂದೇ ಉಳಿಯುತ್ತದೆ. ಅವನೇ ಬರೆದು ತೋರಿಸಿದ. ಕೂಗಾಟ ನಿಂತಿತು.

ಇಲ್ಲಿ ಕೈ ಹಿಡಿದದ್ದು ಟ್ಯೂಷನ್ ಹುಡುಗ. ಎರಡು ವಾರದಿಂದ ಕೈಕಟ್ಟಿ ಕೂತು ಅವನೂ ಕೇಳಿಸಿಕೊಳ್ಳುವುದನ್ನು ಕಲಿತಿದ್ದ. ಸ್ವಲ್ಪ ಹೊತ್ತು ಯೋಚಿಸಿ, ಹೊಡೆದುಹಾಕಿದ ಸಂಖ್ಯೆಗಳನ್ನು ಎಣಿಸಿ ಅಂದ. ಸಾಲದ ಕಡೆ ಎಷ್ಟೋ, ಧನದ ಕಡೆ ಅಷ್ಟೇ, ಜೊತೆಗೆ ಸೊನ್ನೆ ಒಂದು. ಅಂದರೆ ಹೊಡೆದುಹಾಕುವುದು ಯಾವಾಗಲೂ ಬೆಸ. ನಾವು ಶುರುಮಾಡಿದ್ದೂ ಬೆಸ. ಬೆಸದಲ್ಲಿ ಬೆಸ ಕಳೆದರೆ ಸಮ. ಮೊತ್ತ ಸೊನ್ನೆ ಅಲ್ಲದಿರುವುದರಿಂದ ಪೂರ್ತಿ ಖಾಲಿ ಆಗುವುದಿಲ್ಲ. ಹಾಗಾಗಿ ಉಳಿಯುವುದು ಎರಡೋ ನಾಲ್ಕೋ ಆರೋ, ಒಂದು ಉಳಿಯುವ ಮಾತೇ ಇಲ್ಲ. ನಾಲೆ ಆಚೆ ಹುಡುಗ ತನ್ನ ಆರು ಸಂಖ್ಯೆಗಳನ್ನು ಇನ್ನೊಮ್ಮೆ ಎಣಿಸಿ, "ನಂದು ಸಮ ಆಗಿತ್ತು, ಅದಕ್ಕೆ" ಅಂದ. ಸಾಧನೆ ಆವಾಗ ಮುಗಿಯಿತು. ಕೆಂಪು ಪೆನ್ನನ್ನು ನಾನು ಜೇಬಿನಿಂದ ತೆಗೆಯಲಿಲ್ಲ. ಅವರಿಗೆ ಅದು ಬೇಕಾಗಿರಲಿಲ್ಲ.

ನಾಲ್ಕನೇ ಶನಿವಾರದ ಪ್ರಶ್ನೆ ನನ್ನದಲ್ಲ, ಅವರದ್ದೇ. 9ಕ್ಕೆ ಎರಡು ದಾರಿ, 15ಕ್ಕೆ ಮೂರು, 45ಕ್ಕೆ ಹುಡುಕಿದರೆ ಐದು ಸಿಕ್ಕವು. ಎಷ್ಟು ದಾರಿ ಅಂತ ಮೊದಲೇ ಹೇಳಬಹುದಾ? 45ರ ಬೆಸ ಅಪವರ್ತನಗಳು 1 ಬಿಟ್ಟು 3, 5, 9, 15, 45. ಐದು. 15ಕ್ಕೆ 3, 5, 15. ಮೂರು. ಬೆಸ ಅಪವರ್ತನ ಎಷ್ಟೋ ದಾರಿ ಅಷ್ಟು ಅಂತ ಬೋರ್ಡಿನ ಮೇಲೆ ಬರೆದು, ಕೆಳಗೆ "ಇದು ನೋಡಿದ್ದು, ಸಾಧಿಸಿದ್ದಲ್ಲ" ಅಂತ ಅವರೇ ಸೇರಿಸಿದರು. 41ರ ಆಟ ಯಾರೂ ಮರೆತಿರಲಿಲ್ಲ.

ಇದನ್ನು ಪರೀಕ್ಷಿಸಿ ನೋಡಲು 105 ಆರಿಸಿಕೊಂಡರು. ಬೆಸ ಅಪವರ್ತನಗಳು 3, 5, 7, 15, 21, 35, 105. ಏಳು ದಾರಿ ಇರಬೇಕು. ಚಾಕ್‌ಪೀಸ್ ಅವತ್ತು ಹಾಸ್ಟೆಲ್ ಹುಡುಗಿಯದು. ಮೂರು ವಾರ ಅವಳು ಹೆಚ್ಚು ಮಾತಾಡಿರಲಿಲ್ಲ. ಅವಳ ವಿಷಯದಲ್ಲಿ ನನಗೆ ಒಳಗೇ ಅಳುಕು ಇತ್ತು. ಅಷ್ಟು ಅಚ್ಚುಕಟ್ಟಾಗಿ ಬರೆಯುವ ಮಕ್ಕಳನ್ನು ನಾವು ಮೇಷ್ಟ್ರುಗಳು ಎಷ್ಟೋ ಸಲ ಕೇಳುವುದೇ ಇಲ್ಲ, ಪುಸ್ತಕ ನೋಡಿ ಬಿಟ್ಟುಬಿಡುತ್ತೇವೆ. 52+53 ಬರೆದಳು. 34, 35, 36. 19ರಿಂದ 23. 12ರಿಂದ 18. 1ರಿಂದ 14. ಸ್ವಲ್ಪ ತಡೆದು 15ರಿಂದ 20. ಆರಾಯಿತು. ಏಳನೆಯದು ಬರಲಿಲ್ಲ.

ಐದು ನಿಮಿಷ ಆಯಿತು, ಹತ್ತು ಆಯಿತು. ಟ್ಯೂಷನ್ ಹುಡುಗ ತುಟಿ ಕಚ್ಚಿಕೊಂಡು ಕೂತಿದ್ದ. ಆಲೆಮನೆ ಹುಡುಗಿ "ನೋಡೇ, 21..." ಅಂತ ಬಾಯಿ ತೆರೆದಳು. ಹಾಸ್ಟೆಲ್ ಹುಡುಗಿ ತಿರುಗಿ ನೋಡಿದಳು. "ಯಾರೂ ಹೇಳ್ಬೇಡಿ" ಅಂದಳು.

ಹಾಸ್ಟೆಲ್ಲಿನ ಊಟದ ಹೊತ್ತಾಗಿತ್ತು, ಕಳಿಸಿದೆ. ಸೋಮವಾರ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಸ್ಟಾಫ್ ರೂಮಿನ ಬಾಗಿಲ ಹತ್ತಿರ ಬಂದು ನಿಂತಳು. ಪುಸ್ತಕ ತೆರೆದು ತೋರಿಸಿದಳು. 21 ಸಂಖ್ಯೆಗಳು, ನಡುವೆ 5, −5ರಿಂದ 15ರವರೆಗೆ. ಸಾಲ ತೀರಿಸಿ ಉಳಿದದ್ದು 6ರಿಂದ 15. ಅದರ ಮೇಲಿನ ಅರ್ಧ ಪುಟದಲ್ಲಿ ತಪ್ಪಿದ ಲೆಕ್ಕಗಳಿದ್ದವು. ಒಂದನ್ನೂ ಅಳಿಸಿರಲಿಲ್ಲ. ಒಂದೊಂದರ ಮೇಲೂ ಒಂದೊಂದು ಗೆರೆ ಎಳೆದು ಹಾಗೇ ಬಿಟ್ಟಿದ್ದಳು.